ಅಪ್‌ಡೇಟ್: ಉಬುಂಟು ಮರಳಿ ಸಿಕ್ಕಿತು

ಬಯಾಸ್ (ಕಂಪ್ಯೂಟರನ್ನು ಶುರು ಮಾಡುವ, ಮದರ್‌ಬೋರ್ಡ್‌ನಲ್ಲೇ ಇರುವ ತಂತ್ರಾಂಶ) ಅಪ್‌ಡೇಟ್ ಆದಮೇಲೆ, ವಿಂಡೋಸ್ ಜೊತೆಗೆ ಉಬುಂಟು ಎಂಬ ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯೂ ಇರುವ ನನ್ನ ಲ್ಯಾಪ್‌ಟಾಪ್ ನೇರವಾಗಿ ವಿಂಡೋಸ್‌ಗೇ ಹೋಗುತ್ತಿದೆ, ಉಬುಂಟು ಆಯ್ಕೆಯೇ ಬರುತ್ತಿಲ್ಲ ಎಂದು ಕೇಳಿದ್ದೆನಲ್ಲ, ಅದು ಬಗೆಹರಿಯಿತು. ತುಮಕೂರಿನ ರಿಪೇರಿ ಅಂಗಡಿಯಲ್ಲಿ ‘ಎಲ್ಲ ಅಳಿಸಿ ಹೊಸದಾಗಿ ಹಾಕಬೇಕು’ ಎಂದಿದ್ದರು. ಸದ್ಯ, ನಾನು ಒಪ್ಪಲಿಲ್ಲ.

ಡಿಸ್ಕ್‌ನಲ್ಲಿ ಉಬುಂಟು ಕೂದಲೂ ಕೊಂಕದಂತೆ ಇತ್ತು. ಅಳಿದದ್ದು ಮದರ್‌ಬೋರ್ಡ್ ನೆನಪಿಟ್ಟುಕೊಳ್ಳುವ ಬೂಟ್ ಪಟ್ಟಿಯಲ್ಲಿ (ಯಾವ ವ್ಯವಸ್ಥೆಗಳನ್ನು ಶುರು ಮಾಡಬಹುದು ಎಂಬ ಪಟ್ಟಿ) ಇದ್ದ ಅದರ ನಮೂದು ಮಾತ್ರ. ನೀವು ಹೇಳಿದಂತೆ ಪೆನ್‌ಡ್ರೈವ್‌ನಿಂದ ಲೈವ್ ಉಬುಂಟು (ಡಿಸ್ಕ್‌ಗೆ ಹಾಕದೆಯೇ ಓಡುವ ಉಬುಂಟು) ತೆರೆದೆ. ಅದನ್ನು ಯುಇಎಫ್‌ಐ (ಹಳೆಯ ಬಯಾಸ್ ಬದಲಿಗೆ ಬಂದ ಹೊಸ ಬಗೆಯ ಶುರು ವ್ಯವಸ್ಥೆ) ವಿಧಾನದಲ್ಲೇ ತೆರೆಯಬೇಕು. ಇಲ್ಲದಿದ್ದರೆ ಆ ಪಟ್ಟಿ ಕೈಗೇ ಸಿಗುವುದಿಲ್ಲ. ಉಬುಂಟುವಿನ ಮೂಲ ವಿಭಾಗವನ್ನೂ ಬೂಟ್ ಕಡತಗಳಿರುವ ಇಎಫ್‌ಐ ವಿಭಾಗವನ್ನೂ ಮೌಂಟ್ ಮಾಡಿ (ಬಳಕೆಗೆ ಜೋಡಿಸಿ), ಸಿಎಚ್‌ರೂಟ್ ಎಂಬ ಆಜ್ಞೆಯ ಮೂಲಕ ಡಿಸ್ಕ್‌ನಲ್ಲಿದ್ದ ಉಬುಂಟುವಿನ ಒಳಹೊಕ್ಕು, ಶುರುವಿನಲ್ಲಿ ವ್ಯವಸ್ಥೆ ಆರಿಸುವ ಮೆನು ತೋರಿಸುವ ಗ್ರಬ್ ಇನ್‌ಸ್ಟಾಲ್ ಮಾಡಿದೆ.

ಈಗ ತಮಾಷೆ ನೋಡಿ: ಮೆನುವಿನಲ್ಲಿ ಉಬುಂಟು ಇದೆ, ವಿಂಡೋಸ್ ನಾಪತ್ತೆ! 2021ರ ಗ್ರಬ್ 2.06ರಿಂದ ಬೇರೆ ವ್ಯವಸ್ಥೆಗಳನ್ನು ಹುಡುಕುವ ಓಎಸ್-ಪ್ರೋಬರ್ ಮೊದಲೇ ಬಂದ್ ಆಗಿರುತ್ತದೆಯಂತೆ. ಗ್ರಬ್ ಸಂರಚನಾ ಕಡತದಲ್ಲಿ ‘ಗ್ರಬ್_ಡಿಸೇಬಲ್_ಓಎಸ್_ಪ್ರೋಬರ್’ ಸಾಲಿಗೆ ‘ಫಾಲ್ಸ್’ ಕೊಟ್ಟು, ಅಪ್‌ಡೇಟ್-ಗ್ರಬ್ ಓಡಿಸಿದ ಕೂಡಲೇ ‘ವಿಂಡೋಸ್ ಬೂಟ್ ಮ್ಯಾನೇಜರ್’ ಎಂಬ ಸಾಲು ಪರದೆಯ ಮೇಲೆ ಬಂತು.

ಉಬುಂಟು ಬಳಸಿ ವಿಂಡೋಸ್‌ಗೆ ಬಂದರೆ ಗಡಿಯಾರ ಐದೂವರೆ ಗಂಟೆ ಹಿಂದೆ ತೋರಿಸುತ್ತಿದೆ. ಉಬುಂಟು ಯಂತ್ರದ ಗಡಿಯಾರವನ್ನು ಯುಟಿಸಿಯಲ್ಲಿ (ಭಾರತದ ಸಮಯಕ್ಕಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಪ್ರಮಾಣ ಸಮಯ) ಇಡುತ್ತದೆ, ವಿಂಡೋಸ್ ಅದನ್ನೇ ಸ್ಥಳೀಯ ಸಮಯವೆಂದು ಓದುತ್ತದೆ. ಅದನ್ನು ಭಾನುವಾರ ನೋಡಿಕೊಳ್ಳುತ್ತೇನೆ.