‘98 ಅಂತ ತಿರುಗಿ ಬರ್ತಿದೆ, ’98 ಬೇಕು

ಬ್ಯಾಚ್_98: ಸ್ನೇಹ ಸಮ್ಮಿಲನದ ಬ್ಯಾನರ್ ನಾಳೆ ಬೆಳಿಗ್ಗೆ ಪ್ರಿಂಟಿಗೆ ಹೋಗ್ಬೇಕು. 98ಕ್ಕೆ ಮುಂಚೆ ಅಪಾಸ್ಟ್ರಫಿ ಹಾಕಿದ್ರೆ 9ರ ಥರ ಬಾಗದೆ 6ರ ಥರ ಬಾಗುತ್ತೆ. ಮೂರು ಫಾಂಟ್ ಬದಲಾಯಿಸಿದ್ರೂ ಹಂಗೇ. ತಲೆ ಕೆಟ್ಟುಹೋಗಿದೆ.

ಡಿಟಿಪಿ_ಅಣ್ಣ: ಫಾಂಟಿನದ್ದೇ ಕಿತಾಪತಿ. ನುಡಿಯ ಹಳೇ ಆಸ್ಕಿ ಫಾಂಟಾ, ಈಗಿನ ಯೂನಿಕೋಡ್ ಫಾಂಟಾ?

ಬ್ಯಾಚ್_98: ಮೂರು ಬದಲಾಯಿಸಿದೆ ಅಂದೆನಲ್ಲಾ ಅಣ್ಣ.

ಡಿಟಿಪಿ_ಅಣ್ಣ: ಮೂರೂ ಆಸ್ಕಿ ಆಗಿದ್ರೆ? ತುಂಗಾ ಅನ್ನೋ ಯೂನಿಕೋಡ್ ಫಾಂಟ್ ಹಾಕಿ ನೋಡಿ.

ಮೇಷ್ಟ್ರು: ಫಾಂಟ್ ಆಮೇಲೆ. ಜಾಗ ಸರಿ ಇದೆಯಾ ನೋಡ್ಕೊಳ್ಳಿ. 1998ರಲ್ಲಿ ಬಿಟ್ಟುಹೋದದ್ದು 19, ಹಾಗಾಗಿ ಚಿಹ್ನೆ 98ಕ್ಕೆ ಮುಂಚೆಯೇ ಬರ್ಬೇಕು. ಡೋಂಟ್‌ನಲ್ಲಿ ಹೋಗಿರೋದು ‘ನಾಟ್’ನ ಓ, ಅದಕ್ಕೆ ಎನ್‌ಗೂ ಟೀಗೂ ನಡುವೆ. ರಾಕ್ ’ಎನ್’ ರೋಲ್‌ನಲ್ಲಿ ‘ಆ್ಯಂಡ್’ನ ಎ, ಡಿ ಎರಡೂ ಹೋಗಿವೆ, ಎರಡು ಕಡೆಯೂ ಬೇಕು. ಮಕ್ಕಳು ‘ಡೂ’ ಬರೆದ ತಕ್ಷಣ ಹಾಕಿಬಿಡ್ತಾರೆ, ತಿದ್ದಿ ತಿದ್ದಿ ಸಾಕಾಗಿದೆ.

ಸಾಲುಮರ: ಮೇಷ್ಟ್ರೇ, ಕನ್ನಡದಲ್ಲೂ ಆಫೀಸ್'ನಲ್ಲಿ ಅಂತ ತುರುಕ್ತಾರಲ್ಲ, ಅಲ್ಲಿ ಯಾವ ಅಕ್ಷರ ಬಿದ್ದುಹೋಗಿದೆ?

ಮೊಬೈಲ್_ಟೈಪಿಗ: ಹಾಕದಿದ್ರೆ ಆಫೀಸ್ನಲ್ಲಿ ಅಂತ ಒತ್ತು ಬಂದು ಓದೋಕಾಗಲ್ಲ. ನನ್ನ ಫೋನಲ್ಲಿ ಬೇರೆ ದಾರಿ ಇಲ್ಲ.

ಸಾಲುಮರ: ಒತ್ತು ತಡೆಯೋಕೆ ಅಂತಲೇ ಕಣ್ಣಿಗೆ ಕಾಣದ ಚಿಹ್ನೆ ಝಡ್‌ಡಬ್ಲ್ಯೂಎನ್‌ಜೆ ಇದೆ. ‘ಆಫೀಸಿನಲ್ಲಿ’ ಅಂತ ಬರೆದ್ರೆ ಅದೂ ಬೇಡ.

ಮೊಬೈಲ್_ಟೈಪಿಗ: ಆ ಕೀ ನನ್ನ ಕೀಬೋರ್ಡಲ್ಲಿ ಎಲ್ಲಿದೆ ತೋರಿಸಿ, ಆಮೇಲೆ ಮಾತಾಡಿ.

ಕೀಲಿಮಣೆ_ಪ್ರೇಮಿ: ಕಳೆದ ತಿಂಗಳು ಮೆಕ್ಯಾನಿಕಲ್ ಕೀಬೋರ್ಡ್ ತಗೊಂಡೆ, ಬ್ರೌನ್ ಸ್ವಿಚ್. ಅಪಾಸ್ಟ್ರಫಿಗೂ ಒತ್ತು ತಡೆಯೋ ಚಿಹ್ನೆಗೂ ಒಂದೊಂದು ಕೀ ಮೀಸಲಿಟ್ಟಿದ್ದೀನಿ. ಫೋಟೋ ಹಾಕ್ಲಾ?

ಬ್ಯಾಚ್_98: ಫೋಟೋ ಆಮೇಲೆ ಸಾರ್, ದಯವಿಟ್ಟು! ಡೋಂಟ್ ಸರಿಯಾಗೇ ಬರುತ್ತೆ, 98 ಮಾತ್ರ ಕೆಡುತ್ತೆ. ವರ್ಡಲ್ಲಿ ಹೊಡೀತಿದ್ದೀನಿ.

ಪ್ರೂಫ್_ಅಕ್ಕ: ಇದನ್ನ ಮೊದಲೇ ಹೇಳ್ಬಾರದಿತ್ತೇನಪ್ಪಾ. ಸ್ಪೇಸ್ ಆದ್ಮೇಲೆ ಅಪಾಸ್ಟ್ರಫಿ ಕೀ ಒತ್ತಿದ್ರೆ ಯಾರದೋ ಮಾತು ಶುರುವಾಯ್ತು ಅಂದ್ಕೊಂಡು ಆಟೋಕರೆಕ್ಟ್ 6ರ ಥರದ ತೆರೆಯೋ ಚಿಹ್ನೆ ಹಾಕುತ್ತೆ. ಅಕ್ಷರದ ಬೆನ್ನಿಗೇ ಒತ್ತಿದ್ರೆ ಮುಚ್ಚೋ ಚಿಹ್ನೆ, ಅದಕ್ಕೇ ಡೋಂಟ್ ಕೆಡಲ್ಲ. ಎರಡು ಸಲ ಒತ್ತಿ, ಮೊದಲನೇದನ್ನ ಅಳಿಸಿ, ಉಳಿದದ್ದಕ್ಕೆ ಅಂಟಿಸಿ 98 ಹೊಡೀರಿ. ಇಲ್ಲಾಂದ್ರೆ ಈ ಚಿಹ್ನೆಯ ಯೂನಿಕೋಡ್ ಸಂಖ್ಯೆ 2019 ಹೊಡೆದು ಆಲ್ಟ್+ಎಕ್ಸ್ ಒತ್ತಿ, ಆ ಅಂಕಿಯೇ ಚಿಹ್ನೆ ಆಗುತ್ತೆ.

ಬ್ಯಾಚ್_98: ಬಂತು ಅಕ್ಕಾ! ’98, 9ರ ಥರಾನೇ ಬಾಗಿದೆ.

ಡಿಟಿಪಿ_ಅಣ್ಣ: ತುಂಗಾ ಹಾಕಿದ್ರಾ?

ಬ್ಯಾಚ್_98: ಫಾಂಟ್ ಮುಟ್ಟೇ ಇಲ್ಲ ಅಣ್ಣ. ಅಕ್ಕಾ, ಬ್ಯಾನರ್ ಅಂಗಡಿಯವರ ಕಂಪ್ಯೂಟರಲ್ಲಿ ತೆರೆದ್ರೂ ಹೀಗೇ ಇರುತ್ತಾ?

ಪ್ರೂಫ್_ಅಕ್ಕ: ವರ್ಡ್ ಫೈಲ್ ಕೊಡ್ಬೇಡಿ, ಪಿಡಿಎಫ್ ಮಾಡಿ ಕೊಡಿ. ಅವರು ಮತ್ತೆ ಟೈಪ್ ಮಾಡ್ತೀವಿ ಅಂದ್ರೆ ಪಕ್ಕದಲ್ಲೇ ನಿಂತು ನೋಡಿ.