ಅಡಿಕೆ ಚೀಲದ ಮೇಲೆ ಚಿತ್ರ ಮಾಡುತ್ತೇನೆ, ಮಳೆಗಾಲದಲ್ಲಿ ಬೂಷ್ಟು ಹಿಡಿಯದಂತೆ ಏನು ಮಾಡಲಿ?

ಮಂಡಿ ಗುಮಾಸ್ತ, ಸಾಗರ

ಎಲ್ಲರಿಗೂ ನಮಸ್ಕಾರ. ನಾನು ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುವವನು. ಚಿತ್ರಕಲೆಯನ್ನು ಎಲ್ಲೂ ಕಲಿತಿಲ್ಲ. ಹರಿದು ಮೂಲೆಗೆ ಬಿದ್ದ ಗೋಣಿಚೀಲಗಳನ್ನು ಕೇಳಿ ತರುತ್ತೇನೆ. ಹೊಲಿಗೆ ಬಿಚ್ಚಿ, ಹಳೇ ಕಿಟಕಿ ಚೌಕಟ್ಟಿಗೆ ಬಿಗಿದು, ಅದರ ಮೇಲೆ ಕೆಲಸ. ಬಣ್ಣ ಅಂದರೆ ಹೆಚ್ಚಾಗಿ ಚೊಗರು (ಅಡಿಕೆ ಬೇಯಿಸಿದ ಕೆಂಗಂದು ನೀರು), ಕೆಮ್ಮಣ್ಣು, ಮತ್ತೆ ಪೇಂಟ್ ಡಬ್ಬಿಗಳ ತಳದಲ್ಲಿ ಉಳಿದದ್ದು. ತುಕ್ಕು ಮೊಳೆ ನೆನೆಸಿದ ನೀರನ್ನು ಚೊಗರಿಗೆ ಹಾಕಿದರೆ ಗಾಢ ಕಪ್ಪು ಬರುತ್ತದೆ. ಹರಿದ ಕಡೆ ದಬ್ಬಣದಿಂದ ಹೊಲಿಯುತ್ತೇನೆ. ಆ ಹೊಲಿಗೆಯೇ ನನ್ನ ಗೆರೆ.

ಮರ, ಮನೆ, ಮುಖ ಯಾವುದೂ ಇರುವುದಿಲ್ಲ. ಚೀಲದ ಮೇಲೆ ಬರೆದ ‘ರಾಶಿ’, ‘ಬೆಟ್ಟೆ’ ಎಂಬ ಅಡಿಕೆ ಬಗೆಯ ಹೆಸರು, ಲಾಟ್ ನಂಬರ್ ಅರ್ಧಂಬರ್ಧ ಕಾಣುವ ಹಾಗೆ ಬಿಡುತ್ತೇನೆ. ಹಮಾಲರು ಕೊಕ್ಕೆ ಹಾಕಿ ಎಳೆದು ಸವೆದ ಜಾಗ ಇರುತ್ತದಲ್ಲ, ಅಲ್ಲಿ ಬಣ್ಣ ಮುಟ್ಟಿಸುವುದೇ ಇಲ್ಲ. ಇಡೀ ಚಿತ್ರದಲ್ಲಿ ನನಗೆ ತುಂಬ ಇಷ್ಟವಾದ ಜಾಗ ಅದು.

ಕಳೆದ ಆಷಾಢದಲ್ಲಿ ದೊಡ್ಡ ಚಿತ್ರವೊಂದಕ್ಕೆ ಬೂಷ್ಟು ಹಿಡಿಯಿತು. ಮೈದಾ ಅಂಟಿನಲ್ಲಿ ಹಳೇ ರಸೀದಿ, ರಟ್ಟು ಅಂಟಿಸಿದ್ದ ಕಡೆ ಜಾಸ್ತಿ. ಬಿಳಿ ಪ್ರೈಮರ್ ಬಳಿದುಬಿಡಿ ಎಂದು ಪೇಂಟ್ ಅಂಗಡಿಯಲ್ಲಿ ಹೇಳಿದರು. ಬಳಿದರೆ ಚೀಲವೇ ಕಾಣುವುದಿಲ್ಲ. ಆಮೇಲೆ ಅದು ಗೋಣಿಯಾದರೇನು, ಕ್ಯಾನ್ವಾಸ್ ಆದರೇನು? ಚೀಲದ ಮುಖವೂ ಉಳಿಯಬೇಕು, ಚಿತ್ರವೂ ಉಳಿಯಬೇಕು. ದಾರಿ ಇದೆಯಾ?

ಬೈಂಡಿಂಗ್ ಕೆಲಸದವ, ಶಿವಮೊಗ್ಗ

ಮೈದಾ ಬೂಷ್ಟಿಗೆ ಊಟ ಮಾರಾಯ್ರೆ. ಅದನ್ನು ಬಿಡಲೇಬಾರದು ಎಂದಿದ್ದರೆ ಅಂಟು ಕಾಯಿಸುವಾಗ ಚಿಟಿಕೆ ಮೈಲುತುತ್ತ (ಕಾಪರ್ ಸಲ್ಫೇಟ್) ಹಾಕಿ. ಪುಸ್ತಕ ಕಟ್ಟುವವರು ಹಿಂದಿನಿಂದ ಮಾಡಿಕೊಂಡು ಬಂದದ್ದು, ಹುಳವೂ ಹತ್ತಿರ ಬರುವುದಿಲ್ಲ. ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣದ ಬೋರ್ಡೋ ದ್ರಾವಣ ಕಲೆಸುವಾಗ ಕಬ್ಬಿಣದ ಪಾತ್ರೆ ಬಳಸುವುದಿಲ್ಲವಲ್ಲ, ಇಲ್ಲೂ ಹಾಗೇ. ಮೈಲುತುತ್ತ ವಿಷ. ಅಡುಗೆ ಪಾತ್ರೆ ಬೇಡ, ಮಕ್ಕಳ ಕೈಗೂ ಸಿಗಬಾರದು.

ಈಗ ಹಿಡಿದಿರುವ ಬೂಷ್ಟನ್ನು ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ, ಎಳೆಯ ಒಳಗೆ ಇಳಿಯುತ್ತದೆ. ಬಿಸಿಲಿನ ದಿನ ಪೂರ್ತಿ ಒಣಗಿದ ಮೇಲೆ ಮೂಗಿಗೆ ಬಟ್ಟೆ ಕಟ್ಟಿಕೊಂಡು, ಹೊರಗೆ ಮೆದು ಬ್ರಷ್‌ನಲ್ಲಿ ಉದುರಿಸಿ.

ತುಂಗೆ ದಡದವಳು, ತೀರ್ಥಹಳ್ಳಿ

ಪ್ರೈಮರ್ ಬೇಡವೇ ಬೇಡ ಅಣ್ಣ. ಅಕ್ರಿಲಿಕ್ ಮ್ಯಾಟ್ ಮೀಡಿಯಂ ಎಂದು ಸಿಗುತ್ತದೆ, ಬಣ್ಣವಿಲ್ಲದ, ಹೊಳಪಿಲ್ಲದ ಲೇಪ. ಒಣಗಿದ ಮೇಲೆ ಪಾರದರ್ಶಕ. ತೆಳ್ಳಗೆ ಮಾಡಿ ಹಿಂದೆ, ಮುಂದೆ ಎರಡೂ ಕಡೆ ಹಚ್ಚಿ. ಚೊಗರು ನೀರಿಗೆ ಬಿಡುತ್ತದೆ, ಹಾಗಾಗಿ ಮೊದಲ ಸಲ ಹಚ್ಚುವಾಗ ಬ್ರಷ್ ಎಳೆಯಬೇಡಿ, ಸ್ಪ್ರೇ ಮಾಡಿ. ಗೋಣಿ ಒಂಚೂರು ಕಪ್ಪಾಗುತ್ತದೆ. ಮೊದಲು ತುಂಡಿನ ಮೇಲೆ ನೋಡಿಕೊಳ್ಳಿ.

ಗಾಳಿಯ ತೇವ ಶೇ. 65-70 ದಾಟಿದರೆ ಬೂಷ್ಟಿಗೆ ಅನುಕೂಲ. ನಮ್ಮ ಮಳೆಗಾಲದಲ್ಲಿ ಅದನ್ನು ತಪ್ಪಿಸುವುದು ಹೇಗೆ! ಚಿತ್ರ ಗೋಡೆಗೆ ತಾಗದಂತೆ ಹಿಂದೆ ಮರದ ಚೂರು ಕೊಟ್ಟು ತೂಗುಹಾಕಿ. ಪ್ಲಾಸ್ಟಿಕ್ ಸುತ್ತಬೇಡಿ, ಒಳಗೇ ಬೆವರುತ್ತದೆ.

ತುಕ್ಕಿನ ಕಪ್ಪಿನ ಬಗ್ಗೆ ಎಚ್ಚರ. ಚೊಗರು, ಕಬ್ಬಿಣ ಸೇರಿದರೆ ಹಳೇ ಕಾಲದ ಬರೆಯುವ ಮಸಿಯ ಹಾಗೇ ಆಗುತ್ತದೆ. ವರ್ಷಗಳು ಹೋದಂತೆ ನಾರನ್ನು ತಿನ್ನುತ್ತದೆ. ನಮ್ಮ ದೀವರ ಸಮುದಾಯದ ಹೆಂಗಸರು ಗೋಡೆಯ ಮೇಲೆ ಬರೆಯುವ ಹಸೆ ಚಿತ್ತಾರದ ಕಪ್ಪಿಗೆ ಅಕ್ಕಿಯನ್ನು ಕರಿಕಲಾಗುವವರೆಗೆ ಹುರಿಯುತ್ತಾರೆ. ಇದ್ದಿಲ ಪುಡಿಯೂ ಆದೀತು. ಅದು ಮಾಸುವುದೂ ಇಲ್ಲ, ನಾರನ್ನು ತಿನ್ನುವುದೂ ಇಲ್ಲ.

ಇಟಲಿಯ ಆಲ್ಬೆರ್ತೊ ಬುರ್ರಿ ಅವರ ಕೆಲಸ ನೋಡಿದ್ದೀರಾ? ವೈದ್ಯರು. 1943ರಲ್ಲಿ ಟ್ಯುನೀಷಿಯಾದಲ್ಲಿ ಸೆರೆಸಿಕ್ಕಿ, ಅಮೆರಿಕದ ಟೆಕ್ಸಾಸ್‌ನ ಯುದ್ಧಕೈದಿಗಳ ಶಿಬಿರದಲ್ಲಿದ್ದಾಗ ಚಿತ್ರ ಶುರು ಮಾಡಿದರು. ಯಾರೂ ಕಲಿಸಲಿಲ್ಲ. 1950ರ ಹೊತ್ತಿಗೆ ಹರಿದ ಗೋಣಿಗಳನ್ನೇ ಹೊಲಿದು, ತೇಪೆ ಹಾಕಿ ಚಿತ್ರ ಮಾಡಿದರು. ಚೀಲದ ಅಚ್ಚಿನ ಅಕ್ಷರಗಳನ್ನು ಕೆಲವು ಕಡೆ ಹಾಗೇ ಬಿಟ್ಟಿದ್ದಾರೆ.

ಹೊಸನಗರದ ಹುಡುಗ

ಸರ್, ಇಷ್ಟೆಲ್ಲ ಕಷ್ಟಪಡುತ್ತೀರಿ. ಮಧ್ಯೆ ಒಂದು ಜೋಗ ಜಲಪಾತ ಬಿಡಿಸಿದರೆ ಜನಕ್ಕೂ ಅರ್ಥವಾಗುತ್ತೆ, ಮಾರಾಟವೂ ಆಗುತ್ತೆ ಅಲ್ವಾ?

ಮಂಡಿ ಗುಮಾಸ್ತ, ಸಾಗರ

ತಮ್ಮಾ, ನೀನು ಒಳ್ಳೆಯದಕ್ಕೇ ಹೇಳಿದ್ದು. ಆದರೆ ಜೋಗ ಬಿಡಿಸಿದರೆ ಎಲ್ಲರೂ ಜೋಗ ನೋಡುತ್ತಾರೆ, ಚೀಲವನ್ನು ಯಾರು ನೋಡುತ್ತಾರೆ? ಯಾರದೋ ತೋಟದಿಂದ ಹೊರಟು, ಎಷ್ಟೋ ಬೆನ್ನಿನ ಮೇಲೆ ಕೂತು ಬಂದ ಬಟ್ಟೆ ಅದು. ಎಳೆ ಎಲ್ಲಿ ಸಡಿಲಾಗಿದೆ, ಕಲೆ ಎಲ್ಲಿ ಬಿದ್ದಿದೆ ಎಂದು ನೋಡಿಯೇ ನಾನು ಮುಂದಿನ ಬಣ್ಣ ಇಡುವುದು. ಹಮಾಲಿ ಮಾಡುವವರೊಬ್ಬರು ಒಂದು ಚಿತ್ರ ನೋಡಿ, ಆ ಸವೆದ ಜಾಗದ ಮೇಲೆ ಕೈಯಿಟ್ಟು, ‘ಇದು ಕೊಕ್ಕೆ ಹಾಕಿದ್ದು’ ಎಂದರು. ಅರ್ಥವೇನು ಎಂದು ಕೇಳಲೇ ಇಲ್ಲ.

ಅಕ್ಕಾ, ಬುರ್ರಿ ಹೆಸರು ಇವತ್ತೇ ಕೇಳಿದ್ದು. ಫೋನಿನಲ್ಲಿ ಹುಡುಕಿ ನೋಡಿದೆ, ಆ ಹೊಲಿಗೆಗಳಿಂದ ಕಣ್ಣು ಕೀಳಲಾಗಲಿಲ್ಲ. ನಾರು ತಿನ್ನುವ ವಿಷಯ ತಿಳಿಸಿದ್ದು ದೊಡ್ಡ ಉಪಕಾರ. ಇನ್ನು ಮೊಳೆ ನೀರಿನ ಕಪ್ಪನ್ನು ರಟ್ಟಿನ ಮೇಲೆ ಮಾತ್ರ ಇಡುತ್ತೇನೆ, ಗೋಣಿಗೆ ಇದ್ದಿಲು. ಮೀಡಿಯಂ ಶಿವಮೊಗ್ಗದಿಂದ ತರಿಸುತ್ತೇನೆ. ಒಂದು ತುಂಡಿಗೆ ಹಚ್ಚಿ, ಇನ್ನೊಂದನ್ನು ಹಾಗೇ ಬಿಟ್ಟು, ಎರಡನ್ನೂ ಮಳೆಗಾಲ ಪೂರ್ತಿ ಹಿತ್ತಿಲ ಕಡೆಯ ಗೋಡೆಗೆ ತೂಗುಹಾಕುತ್ತೇನೆ. ಫೋಟೋ ಇಲ್ಲೇ ಹಾಕುತ್ತೇನೆ.