ಪದಚರ್ಚೆ: ‘ಮುಂಗಡ’ದ ಒಳಗೆ ‘ಕಡ’ ಇದೆಯೇ?

ಎಲ್ಲರಿಗೂ ನಮಸ್ಕಾರ. ಒಂದು ಪದದ ವಿಷಯದಲ್ಲಿ ನಿಮ್ಮ ಸಹಾಯ ಬೇಕು. ಸ್ವಲ್ಪ ಅವಸರವೂ ಇದೆ, ಯಾಕೆಂದರೆ ಆ ಪದ ಇರುವ ಕಾಗದಕ್ಕೆ ನಮ್ಮ ಮನೆಯವರೇ ಸಹಿ ಹಾಕಬೇಕಾಗಿದೆ.

ನಮ್ಮದು ಶಿರಸಿ ಹತ್ತಿರದ ಹಳ್ಳಿ. ಅತ್ತಿಗೆ ಹಲಸಿನ ಹಪ್ಪಳ, ಅಪ್ಪೆಮಿಡಿ ಉಪ್ಪಿನಕಾಯಿ ಮಾಡಿ ಆನ್‌ಲೈನಿನಲ್ಲಿ ಮಾರುತ್ತಾರೆ. ಹಪ್ಪಳದ ಕೆಲಸ ಮಳೆ ಹಿಡಿಯುವುದರೊಳಗೆ ಮುಗಿಯಬೇಕು. ಸೊಳೆ ಬಿಡಿಸುವವರ ಕೂಲಿ, ಡಬ್ಬಿ, ಚೀಟಿ, ಎಲ್ಲಕ್ಕೂ ಬೇಸಿಗೆಯಲ್ಲೇ ದುಡ್ಡು ಬೇಕು. ಮಾರಾಟ ಮಾತ್ರ ವರ್ಷವಿಡೀ, ಒಂದೊಂದೇ ಕಟ್ಟು. ನಡುವಿನ ಈ ಹೊಂಡ ತುಂಬುವ ದುಡ್ಡಿಗೆ ಕಾಮರ್ಸ್ ಪಠ್ಯಪುಸ್ತಕದವರು ‘ದುಡಿಯುವ ಬಂಡವಾಳ’ ಎಂದು ಹೆಸರಿಟ್ಟಿದ್ದಾರೆ. ನನಗೆ ಬಹಳ ಇಷ್ಟವಾದ ಪದ. ಕೇಳಿದ ಕೂಡಲೇ ಅರ್ಥವಾಗುತ್ತದೆ.

ಕಳೆದ ವಾರ ಅತ್ತಿಗೆಯ ಮೊಬೈಲಿಗೆ ಒಂದು ಕಂಪನಿಯಿಂದ ಕನ್ನಡದಲ್ಲೇ ಸಂದೇಶ ಬಂತು. 1,00,000 ರೂಪಾಯಿ ‘ವ್ಯಾಪಾರಿ ನಗದು ಮುಂಗಡ’ ಮಂಜೂರಾಗಿದೆ. ಶುಲ್ಕ ಶೇ. 12. ಇದು ಸಾಲವಲ್ಲ, ಬಡ್ಡಿ ಇಲ್ಲ. ದಿನದ ಮಾರಾಟದಲ್ಲಿ ನೂರಕ್ಕೆ ಹತ್ತು ರೂಪಾಯಿಯನ್ನು ಅವರೇ ಹಿಡಿದುಕೊಳ್ಳುತ್ತಾರೆ, 1,12,000 ಆಗುವವರೆಗೆ. ‘ಬಡ್ಡಿ ಇಲ್ಲ ಅಂದ್ರೆ ಒಳ್ಳೇದೇ ಅಲ್ವಾ ತಮ್ಮಾ?’ ಎಂದು ಅತ್ತಿಗೆ ಕೇಳಿದರು.

ಕೂತು ಲೆಕ್ಕ ಹಾಕಿದೆ. ಆರು ತಿಂಗಳಲ್ಲಿ ತೀರುತ್ತದೆ ಎಂದಿಟ್ಟುಕೊಳ್ಳಿ. ತಿಂಗಳಿಗೆ ಸುಮಾರು 18,667 ರೂಪಾಯಿ ವಾಪಸ್ ಹೋಗುತ್ತದೆ. ಅಂದರೆ ಪೂರ್ತಿ ಲಕ್ಷ ಅತ್ತಿಗೆಯ ಕೈಯಲ್ಲಿ ಆರು ತಿಂಗಳು ಇರುವುದೇ ಇಲ್ಲ, ಮೊದಲ ತಿಂಗಳಿಂದಲೇ ಕರಗುತ್ತಾ ಹೋಗುತ್ತದೆ. ಇಳಿಯುವ ಬಾಕಿಯ ಮೇಲೆ ಲೆಕ್ಕ ಹಾಕಿದರೆ ತಿಂಗಳಿಗೆ ನೂರಕ್ಕೆ ಮೂರೂಕಾಲಿಗಿಂತ ಜಾಸ್ತಿ ಬೀಳುತ್ತದೆ. ವರ್ಷಕ್ಕೆ ಶೇ. 40ರ ಹತ್ತಿರ. ನಮ್ಮ ಕಡೆ ಕೈಸಾಲ ಕೊಡುವವರು ತಿಂಗಳಿಗೆ ನೂರಕ್ಕೆ ಎರಡು ಅಂದರೇ ಜನ ಹಿಂದೆ ಸರಿಯುತ್ತಾರೆ. ಅದೇ ‘ಶುಲ್ಕ ಶೇ. 12’ ಎಂದಾಗ ಯಾರಿಗೂ ಭಯವಾಗುವುದಿಲ್ಲ. ಶಾಲೆಗೆ, ಅರ್ಜಿಗೆ ಕಟ್ಟುವುದು ಶುಲ್ಕ. ಒಮ್ಮೆ ಕಟ್ಟಿದರೆ ಮುಗಿಯಿತು ಎಂಬ ಭಾವ ಆ ಪದದಲ್ಲಿದೆ. ಇಲ್ಲಿ ಅದು ಸರಿಯಾದ ಪದವಲ್ಲ ಎಂದೇ ನನ್ನ ಅಭಿಪ್ರಾಯ.

ಈಗ ಮುಖ್ಯ ಪ್ರಶ್ನೆ. ‘ಕೈಗಡ’ ಎಂದರೆ ಕೈ + ಕಡ. ‘ಕಡ’ ಎಂದರೆ ಸಾಲ, ತಮಿಳಿನ ‘ಕಡನ್’ ಕೂಡ ಅದೇ. ಹಾಗಾದರೆ ‘ಮುಂಗಡ’ ಕೂಡ ಮುನ್ + ಕಡ ಅಲ್ಲವೇ? ಆ ಲೆಕ್ಕದಲ್ಲಿ ‘ಇದು ಸಾಲವಲ್ಲ, ಮುಂಗಡ’ ಎನ್ನುವ ಮಾತೇ ನಿಲ್ಲುವುದಿಲ್ಲ. ಸಾಲ ಆ ಪದದ ಹೊಟ್ಟೆಯಲ್ಲೇ ಇದೆ. ಆದರೆ ಗೆಳೆಯರೊಬ್ಬರು ಅದು ಮುನ್ + ಕಡೆ, ‘ಮುಂಗಡೆ’ಯಿಂದ ಬಂದದ್ದು, ಮುಂಚಿತವಾಗಿ ಎಂದಷ್ಟೇ ಅರ್ಥ ಎನ್ನುತ್ತಾರೆ. ಹಳೆಯ ಶಾಸನ, ಕಡತ ನೋಡಿದವರು ಇದಕ್ಕೆ ಆಧಾರ ಕೊಡಬಲ್ಲಿರಾ?

ಬಳಕೆ ನೋಡಿದರೆ ನಮ್ಮ ಅಡಿಕೆ ಸೀಮೆಯಲ್ಲಿ ಮುಂಗಡ ಎಂದೂ ಹಗುರವಾದ ಪದವಲ್ಲ. ಬೆಳೆಯ ಮೇಲೆ ಮುಂಗಡ ತೆಗೆದುಕೊಂಡವನು ಕೊಯ್ಲಾದ ಮೇಲೆ ದುಡ್ಡು ಕೊಟ್ಟ ವ್ಯಾಪಾರಿಯ ವಖಾರಿಗೇ (ದಾಸ್ತಾನು ಮಳಿಗೆಗೇ) ಅಡಿಕೆ ತಂದು ಹಾಕಬೇಕು. ಅವನಿಗೆ ದರ ಕೇಳುವ ಬಾಯಿ ಇರುವುದಿಲ್ಲ ಎಂದು ಅಜ್ಜ ಹೇಳುತ್ತಿದ್ದರು. ಬೆಳೆಗಾರರು ಸೇರಿ 1923ರಲ್ಲಿ ಶಿರಸಿಯಲ್ಲಿ ತೋಟಗಾರ್ಸ್ ಸೇಲ್ ಸೊಸೈಟಿ ಕಟ್ಟಿದ್ದು ಇಂಥ ಹಿಡಿತದಿಂದ ಬಿಡಿಸಿಕೊಳ್ಳಲಿಕ್ಕೇ.

ಸಾಲದ ಪದಗಳಲ್ಲಿ ನಮ್ಮ ಜಿಲ್ಲೆ ಬಡವಲ್ಲ. 1862ರಲ್ಲಿ ಉತ್ತರ ಕನ್ನಡ ಮದ್ರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಹೋಯಿತು. ಮರಾಠಿಯ ವ್ಯವಹಾರದ ಪದಗಳು ಈ ಕಡೆ ಬೇರೂರಲು ಅದೂ ಕಾರಣವಿರಬೇಕು. ಸಾಲಕ್ಕೆ ಇಡುವ ಒತ್ತೆಗೆ ‘ತಾರಣ’ ಎನ್ನುವುದು, ಚೆಕ್ಕನ್ನು ನಗದು ಮಾಡಿಸುವುದಕ್ಕೆ ‘ವಟಾವಣೆ’ ಎನ್ನುವುದು ಹಾಗೆ ಬಂದವು. ಬಾಕಿ ಬರಬೇಕಾದ ಬಿಲ್ಲನ್ನು ಕೊಟ್ಟು, ಸ್ವಲ್ಪ ಕಡಿಮೆಗೆ ಈಗಲೇ ದುಡ್ಡು ಪಡೆಯುವುದಕ್ಕೆ ‘ಬಿಲ್ ವಟಾವಣೆ’ ಎಂದರೆ ಸಾಕು. ಹೊಸ ಪದ ಹುಟ್ಟಿಸುವುದು ಬೇಡ.

ಹೆಸರಿಡುವ ವಿಷಯದಲ್ಲಿ, ಸಣ್ಣ ಉದ್ಯಮಕ್ಕೆ ಸಾಲ ಕೊಡಿಸುವ 2015ರ ಮುದ್ರಾ ಯೋಜನೆಯನ್ನು ಮೆಚ್ಚಬೇಕು. 50,000ದವರೆಗೆ ಶಿಶು, 5 ಲಕ್ಷದವರೆಗೆ ಕಿಶೋರ, 10 ಲಕ್ಷದವರೆಗೆ ತರುಣ. ತಾರಣ ಬೇಡ. ಒಮ್ಮೆ ಹೇಳಿದ್ದಕ್ಕೆ ಅತ್ತಿಗೆ ಮರುದಿನ ‘ನಂಗೆ ಶಿಶು ಸಾಕು’ ಎಂದರು.

ಮತ್ತೊಂದು ವಿಷಯ. ಸಣ್ಣ ಉದ್ಯಮಕ್ಕೆ ಅವಧಿ ಸಾಲ (ಇಂತಿಷ್ಟು ಕಾಲದೊಳಗೆ ತೀರಿಸುವ ಸಾಲ) ಕೊಡುವಾಗ ಎಲ್ಲ ಖರ್ಚು ಸೇರಿಸಿದ ವಾರ್ಷಿಕ ದರವನ್ನು, ಸಾಲಗಾರರಿಗೆ ತಿಳಿಯುವ ಭಾಷೆಯಲ್ಲಿ ಬರೆದು ಕೊಡಬೇಕು ಎಂದು ರಿಸರ್ವ್ ಬ್ಯಾಂಕ್ 2024ರಲ್ಲಿ ಹೇಳಿದೆ. ಅಂಥ ಒಂದು ಕಾಗದ ಕನ್ನಡದಲ್ಲಿ ಕೊಡಿ ಎಂದು ಅತ್ತಿಗೆ ಕೇಳಿದ್ದಾರೆ. ಆ ದರಕ್ಕೆ ‘ವಾರ್ಷಿಕ ಶೇಕಡಾವಾರು ದರ’ ಎನ್ನುವುದು ತೀರಾ ಒಣ. ‘ಎಲ್ಲ ಸೇರಿ ವರ್ಷದ ಬಡ್ಡಿ’ ಎನ್ನಬಹುದೇ?

ಕೊನೆಯದಾಗಿ ಕರಾವಳಿಯವರಿಗೆ ಒಂದು ಪ್ರಶ್ನೆ. ದಿನದ ಮಾರಾಟದಲ್ಲಿ ಹಿಡಿದುಕೊಳ್ಳುವುದಕ್ಕೆ ‘ಮುರಿದುಕೊಳ್ಳು’ ನಮ್ಮಲ್ಲಿ ರೂಢಿಯ ಮಾತು, ಆದರೆ ಅದರಿಂದ ನಾಮಪದ ಸರಿಯಾಗಿ ಹೊರಡುತ್ತಿಲ್ಲ. ಮೀನು ವ್ಯಾಪಾರಿ ದೋಣಿಯವರಿಗೆ ಮೊದಲೇ ದುಡ್ಡು ಕೊಟ್ಟು, ಆಮೇಲೆ ಹಿಡಿದು ತಂದ ಮೀನಿನಲ್ಲಿ ಮುರಿದುಕೊಳ್ಳುತ್ತಾನಲ್ಲ, ಅದು ಹೆಚ್ಚುಕಮ್ಮಿ ಇದೇ ವ್ಯವಹಾರ. ಕಾರವಾರದ ಬೈತಖೋಲ ಬಂದರಿನಲ್ಲಿ, ತದಡಿ ಬಂದರಿನಲ್ಲಿ ಆ ದುಡ್ಡಿಗೆ ಏನನ್ನುತ್ತಾರೆ? ಕೊಂಕಣಿಯ ಪದವಾದರೂ ಸರಿ, ಬರೆಯಿರಿ. ಅತ್ತಿಗೆ ಸೋಮವಾರ ಉತ್ತರ ಕೊಡಬೇಕು.